‘ಲೇಖಕರ ಸಹಿಯುಳ್ಳ ಮೊದಲ ಮುದ್ರಣ’ ಕೊಳ್ಳುವವರೇ, ಹಣ ಕಳಿಸುವ ಮೊದಲು ಇದನ್ನು ಓದಿ

ಹಳೆಯ ಕನ್ನಡ ಪುಸ್ತಕ ಸಂಗ್ರಹಿಸುವವರು ದಯವಿಟ್ಟು ಗಮನಿಸಿ. ಇತ್ತೀಚೆಗೆ ಸಂಗ್ರಾಹಕರೊಬ್ಬರು ವಾಟ್ಸಾಪ್ ಗುಂಪಿನಲ್ಲಿ ನೋಡಿ ನಾಲ್ಕು ಪುಸ್ತಕಗಳ ಕಟ್ಟೊಂದನ್ನು ಕೊಂಡರು. ಕಾರಂತ, ಬೇಂದ್ರೆ, ಕುವೆಂಪು, ಡಿವಿಜಿ ಅವರ ಸಹಿ ಇರುವ ಪ್ರತಿಗಳು ಎಂದು ಮಾರುವವನು ಹೇಳಿದ್ದ. ತೀರಿಕೊಂಡ ಮೇಷ್ಟ್ರೊಬ್ಬರ ಮನೆ ಖಾಲಿ ಮಾಡುತ್ತಿದ್ದಾರೆ, ಸಂಜೆಯೊಳಗೆ ಹಣ ಹಾಕದಿದ್ದರೆ ಬೇರೆಯವರ ಪಾಲಾಗುತ್ತದೆ ಎಂದು ಅವಸರ ಹಚ್ಚಿದ. ಜೊತೆಗೆ ಬಣ್ಣದ ಪ್ರಿಂಟ್ ಹಾಕಿದ ಒಂದು ‘ದೃಢೀಕರಣ ಪತ್ರ’. ಮೂವತ್ತೆಂಟು ಸಾವಿರ ರೂಪಾಯಿ ಯುಪಿಐನಲ್ಲಿ ಹೋಯಿತು. ಪುಸ್ತಕಗಳೇನೋ ಬಂದವು, ಆದರೆ ನಾಲ್ಕೂ ಸಹಿ ನಕಲಿ. ಹಣ ವಾಪಸ್ ಕೇಳಿದ ದಿನದಿಂದ ಆ ನಂಬರು ಸ್ವಿಚ್ ಆಫ್.

ಆ ನಾಲ್ಕು ಪ್ರತಿಗಳನ್ನು ಬಿಡಿಸಿ ನೋಡಿದರೆ ಒಂದೊಂದರಲ್ಲಿ ಒಂದೊಂದು ಬಗೆಯ ಮೋಸ. ಕೊಳ್ಳುವವರು ಸಹಿಯನ್ನೇ ನೋಡುತ್ತ ಕೂರುತ್ತಾರೆ. ನಕಲಿ ಮಾಡುವವನು ಕೈ ಪಳಗಿಸಿಕೊಂಡಿರುವುದೂ ಅದರಲ್ಲೇ. ಅವನು ಸಿಕ್ಕಿಬೀಳುವುದು ಪುಸ್ತಕದಲ್ಲಿ, ತಾರೀಖಿನಲ್ಲಿ, ಶಾಯಿಯಲ್ಲಿ, ಕಾಗದದಲ್ಲಿ. ಆದ್ದರಿಂದ ಸಹಿಯನ್ನು ಕೊನೆಗೆ ನೋಡಿ.

ಮೊದಲು ಕಾರಂತರದು. ‘ಮೂಕಜ್ಜಿಯ ಕನಸುಗಳು’, ಒಳಗೆ ‘ವಿಶ್ವಾಸದಿಂದ’ ಎಂಬ ಬರಹ, ಕೆಳಗೆ 1972ರ ತಾರೀಖು. ಕಾದಂಬರಿ ಮೊದಲು ಬಂದದ್ದು 1968ರಲ್ಲಿ, ಹಾಗಾಗಿ ಮೇಲ್ನೋಟಕ್ಕೆ ಸರಿ ಎನಿಸುತ್ತದೆ. ಆದರೆ ರಟ್ಟಿನ ಮೇಲೆ ‘ಜ್ಞಾನಪೀಠ ಪ್ರಶಸ್ತಿ ಪಡೆದ ಕೃತಿ’ ಎಂದು ಅಚ್ಚಾಗಿತ್ತು. ಆ ಪ್ರಶಸ್ತಿ 1977ರದು. ಐದು ವರ್ಷ ಮೊದಲೇ ಆ ಪ್ರತಿಗೆ ಸಹಿ ಬೀಳುವುದು ಹೇಗೆ? ಇಲ್ಲೊಂದು ಎಚ್ಚರ ಬೇಕು. ಮಾರಾಟವಾಗದೆ ಉಳಿದ ಹಳೆಯ ಫಾರಂಗಳಿಗೆ (ಅಚ್ಚಾಗಿ ಮಡಿಸಿಟ್ಟ ಹಾಳೆಗಳಿಗೆ) ಹೊಸ ಹೊದಿಕೆ ಹಾಕಿ ಮಾರುವುದೂ ಉಂಟು. ಆದ್ದರಿಂದ ಹೊದಿಕೆಯೊಂದನ್ನೇ ನಂಬಿ ತೀರ್ಮಾನಿಸದೆ ಶೀರ್ಷಿಕೆ ಪುಟದ ಹಿಂಬದಿ ನೋಡಬೇಕು. ಈ ಪ್ರತಿಯಲ್ಲಿ ಆ ಹಾಳೆಯನ್ನೇ ಬ್ಲೇಡಿನಿಂದ ಕತ್ತರಿಸಿ ತೆಗೆದಿದ್ದರು. ಮಾರುವವನು ಎಲ್ಲ ಫೋಟೊ ಕಳಿಸಿ ಆ ಒಂದು ಪುಟದ್ದು ಮಾತ್ರ ಕಳಿಸಿರಲಿಲ್ಲ. ಆ ಪುಟ ನೋಡದೆ ಯಾವ ಪ್ರತಿಗೂ ಒಂದು ರೂಪಾಯಿ ಕೊಡಬೇಡಿ. ಮೊದಲ ಮುದ್ರಣ, ಮರುಮುದ್ರಣಗಳ ವರ್ಷ, ಪ್ರತಿಗಳ ಸಂಖ್ಯೆ, ಕಾಗದ, ಬೆಲೆ, ಅಚ್ಚುಮನೆಯ ಹೆಸರು ಎಲ್ಲವೂ ಸಾಮಾನ್ಯವಾಗಿ ಅಲ್ಲೇ ಇರುತ್ತವೆ.

ಆ ಪುಟ ಇಲ್ಲದಿದ್ದರೂ ಕಾಲ ಹಿಡಿಯಲು ಬೇರೆ ಗುರುತುಗಳಿವೆ. ಬೆಲೆ ರೂಪಾಯಿ–ಆಣೆಯಲ್ಲಿದ್ದರೆ ಮುದ್ರಣ ಬಹುಮಟ್ಟಿಗೆ 1957ರ ಏಪ್ರಿಲ್‌ಗೆ ಹಿಂದಿನದು. ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ನಡುವಿನದು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದೇ. ಅದಕ್ಕೆ ಮುಂಚೆ ‘ಬೆಂಗಳೂರು-4’ ಎಂಬಂತೆ ವಲಯದ ಅಂಕಿ ಇರುತ್ತಿತ್ತು. ಆ ರೂಢಿ ಆಮೇಲೂ ಸ್ವಲ್ಪ ಕಾಲ ಉಳಿದದ್ದರಿಂದ ಅದೊಂದರಿಂದಲೇ ಹಳೆಯದೆಂದು ಹೇಳಲಾಗದು. ಹದಿಮೂರು ಅಂಕಿಯ ಪುಸ್ತಕದ ಗುರುತು ಸಂಖ್ಯೆ, ಅಂದರೆ ಐಎಸ್‌ಬಿಎನ್ 2007ರಿಂದೀಚಿನದು. ಅಚ್ಚುಮೊಳೆ ಜೋಡಿಸಿ ಮುದ್ರಿಸಿದ ಪುಟದ ಹಿಂಬದಿಯನ್ನು ಬೆರಳಿನಿಂದ ಸವರಿದರೆ ಅಕ್ಷರದ ಉಬ್ಬು ಸಾಮಾನ್ಯವಾಗಿ ಕೈಗೆ ಹತ್ತುತ್ತದೆ. ಆಫ್‌ಸೆಟ್‌ನಲ್ಲಿ ಪುಟ ಚಪ್ಪಟೆ, ಆ ಬಗೆಯ ಮುದ್ರಣ ಕನ್ನಡ ಪುಸ್ತಕಗಳಿಗೆ ಬಂದದ್ದು ಬಹಳ ಆಮೇಲೆ. 1936ರ ‘ಕಾನೂರು ಹೆಗ್ಗಡಿತಿ’ಯ ಮೊದಲ ಮುದ್ರಣ ಎನ್ನುವ ಪ್ರತಿ ಆಫ್‌ಸೆಟ್‌ನಲ್ಲಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಬೇಂದ್ರೆಯವರ ಪ್ರತಿಯಲ್ಲಿ ಸಿಕ್ಕಿಬಿದ್ದದ್ದು ಪೆನ್ನು. ಸಹಿಯ ತಾರೀಖು 1966. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿದರೆ ಗೆರೆ ಮೊದಲಿಂದ ಕೊನೆಯವರೆಗೆ ಒಂದೇ ದಪ್ಪ, ಒಂದೇ ಗಾಢ ಕಪ್ಪು, ಅಂಚು ಚೂಪು. ಅದು ಜೆಲ್ ಪೆನ್ನಿನ ಗೆರೆ. ಜೆಲ್ ಶಾಯಿ ಜಪಾನಿನಲ್ಲಿ ಮಾರುಕಟ್ಟೆಗೆ ಬಂದದ್ದು 1984ರಲ್ಲಿ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಇದೇ ಲೆಕ್ಕ ಬಾಲ್‌ಪೆನ್ನಿಗೂ ಹಿಡಿಯುತ್ತದೆ. ಅಮೆರಿಕದಲ್ಲೇ ಅದು ಅಂಗಡಿಗೆ ಬಂದದ್ದು 1945ರ ಕೊನೆಗೆ, ನಮ್ಮಲ್ಲಿ ಎಲ್ಲರ ಜೇಬು ಸೇರಿದ್ದು ಇನ್ನೂ ಎಷ್ಟೋ ವರ್ಷದ ಮೇಲೆ. ಮೂವತ್ತರ ದಶಕದ ತಾರೀಖಿನ ಕೆಳಗೆ ಬಾಲ್‌ಪೆನ್ನಿನ ಸಹಿ ಕಂಡರೆ ಪುಸ್ತಕ ಮುಚ್ಚಿ ವಾಪಸ್ ಕೊಡಿ. ಬಾಲ್‌ಪೆನ್ ಗುರುತಿಸುವುದು ಸುಲಭ: ಕಾಗದದಲ್ಲಿ ತೋಡು ಬಿದ್ದಿರುತ್ತದೆ, ತಿರುವುಗಳಲ್ಲಿ ಶಾಯಿಯ ಮುದ್ದೆ ನಿಂತಿರುತ್ತದೆ, ಗೆರೆಯ ಮಧ್ಯೆ ಸಣ್ಣ ಬಿಳಿ ಸೀಳು ಕಾಣುತ್ತದೆ. ಇಂಕ್ ಪೆನ್ನಿನ ಗೆರೆಯಲ್ಲಿ ಒತ್ತಡಕ್ಕೆ ತಕ್ಕಂತೆ ದಪ್ಪ ತೆಳುವು, ಶಾಯಿಯ ಬಣ್ಣದಲ್ಲಿ ಏರಿಳಿತ ಇರುತ್ತದೆ. ಗೆರೆಯೇ ಇಲ್ಲದೆ ಬರೀ ಬಣ್ಣದ ಚುಕ್ಕಿಗಳು ಕಂಡರೆ ಅದು ಪ್ರಿಂಟ್. ಕೆಲವು ಪುಸ್ತಕಗಳಲ್ಲಿ ಲೇಖಕರ ಭಾವಚಿತ್ರದ ಕೆಳಗೆ ಸಹಿಯನ್ನೇ ಮುದ್ರಿಸಿರುತ್ತಾರೆ. ಅದನ್ನೂ ‘ಸಹಿ ಪ್ರತಿ’ ಎಂದು ಮಾರುವವರಿದ್ದಾರೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಕುವೆಂಪು ಅವರ ಪುಸ್ತಕ ನಿಜವಾಗಿಯೂ ಹಳೆಯದು, ಬೆಲೆ ಆಣೆಯಲ್ಲಿ, ಕಾಗದ ಕಂದಾಗಿದೆ, ಇಂಕ್ ಪೆನ್ನಿನದೇ ಸಹಿ, ತಾರೀಖು 1957. ಸಹಿಯಿಲ್ಲದ ಹಳೆಯ ಪ್ರತಿ ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಕಡಿಮೆ ಬೆಲೆಗೆ ಸಿಗುತ್ತದೆ, ಎರಡು ಗೆರೆ ಬರೆದರೆ ಬೆಲೆ ಎಷ್ಟೋ ಪಟ್ಟಾಗುತ್ತದೆ. ಇಂಥ ಕಡೆ ಕಾಗದವನ್ನೇ ಕೇಳಬೇಕು. ಶಾಯಿ ಹರಡದಿರಲೆಂದು ಕಾಗದಕ್ಕೆ ಹಾಕುವ ಸೈಜಿಂಗ್ ದಶಕಗಳು ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ. ಹೊಸ ಶಾಯಿ ಹಳೆಯ ಕಾಗದಕ್ಕೆ ಬಿದ್ದರೆ ಗೆರೆಯ ಎರಡೂ ಕಡೆ ಬೇರಿನಂತೆ ಎಳೆಎಳೆಯಾಗಿ ಹರಡುತ್ತದೆ, ಹಿಂಬದಿಗೂ ಇಳಿಯುತ್ತದೆ. ಕಾಗದ ಮೊದಲಿನಿಂದಲೇ ಅಗ್ಗದ್ದಿದ್ದರೂ ಹೀಗಾಗಬಹುದು, ಅದಕ್ಕೇ ಅದೇ ಪುಸ್ತಕದಲ್ಲಿ ಹಳೆಯ ಮಾಲೀಕರು ಬರೆದ ಹೆಸರೋ ಟಿಪ್ಪಣಿಯೋ ಇದೆಯೇ ಹುಡುಕಿ ಹೋಲಿಸಿ. ಈ ಪ್ರತಿಯಲ್ಲಿ ಮಾಲೀಕರ ಹೆಸರು ತೀಡಿದಂತೆ ಸ್ಪಷ್ಟವಾಗಿತ್ತು, ಅದರ ಮೂರು ಬೆರಳು ಕೆಳಗೆ ಸಹಿ ಮಾತ್ರ ಹರಡಿತ್ತು. ಇನ್ನೊಂದು ಪರೀಕ್ಷೆ: ಸಹಿಯ ಗೆರೆ ಕಾಗದದ ಮಡಿಕೆಯನ್ನೋ ಹುಳ ತಿಂದ ತೂತನ್ನೋ ದಾಟುವ ಜಾಗ ನೋಡಿ. ಶಾಯಿ ಮಡಿಕೆಯ ಬಿರುಕಿನೊಳಗೆ ಇಳಿದಿದ್ದರೆ, ತೂತಿನ ಅಂಚಿಗೆ ಬಣ್ಣ ಹತ್ತಿದ್ದರೆ, ಬಿರುಕು ಮೊದಲು ಬಂದಿದೆ, ಸಹಿ ಆಮೇಲೆ ಬಂದಿದೆ. ಕೆಲವು ಬಗೆಯ ಹಳೆಯ ಶಾಯಿ ಎಷ್ಟೋ ವರ್ಷ ಮುಚ್ಚಿಟ್ಟ ಪುಸ್ತಕದಲ್ಲಿ ಎದುರು ಪುಟದ ಮೇಲೆ ಕಂದು ನೆರಳು ಬಿಡುತ್ತದೆ. ಆ ನೆರಳಿದ್ದರೆ ಒಳ್ಳೆಯ ಲಕ್ಷಣ, ಇಲ್ಲದಿದ್ದರೆ ಅದೊಂದರಿಂದ ನಕಲಿ ಎನ್ನಲಾಗದು. ಒದ್ದೆ ಬೆರಳಿನಿಂದ ಉಜ್ಜಿ ನೋಡುವ ಕೆಲಸ ಮಾತ್ರ ಬೇಡವೇ ಬೇಡ. ಸಹಿ ನಿಜವಾಗಿದ್ದರೆ ನೀವೇ ಅದನ್ನು ಕೊಂದಂತೆ.

ಇಷ್ಟೆಲ್ಲ ನೋಡುವ ಮೊದಲೇ ಅದೇ ಪುಟದ ರಬ್ಬರ್ ಮೊಹರು ಕಥೆ ಹೇಳಿಬಿಟ್ಟಿತ್ತು. ಹೆಸರಿನ ಮುಂದೆ ‘ರಾಷ್ಟ್ರಕವಿ’, ಮೈಸೂರಿನ ವಿಳಾಸಕ್ಕೆ ಆರಂಕಿಯ ಪಿನ್. ಕುವೆಂಪು ಅವರಿಗೆ ರಾಷ್ಟ್ರಕವಿ ಗೌರವ ಸಂದದ್ದು 1964ರಲ್ಲಿ. ಬರಹದ ತಾರೀಖಿನ ಜೊತೆ ಬಿರುದು, ಊರು, ವಿಳಾಸ ಎಲ್ಲವನ್ನೂ ಒಂದೊಂದಾಗಿ ತಾಳೆ ನೋಡಿ.

ಡಿವಿಜಿ ಅವರ ಕಗ್ಗದ ಹಳೆಯ ಪ್ರತಿಯಲ್ಲಿ ಸಹಿ ಇದ್ದ ಹಾಳೆ ಪುಸ್ತಕದ್ದೇ ಅಲ್ಲ. ಹಳೆಯ ಪುಸ್ತಕಗಳನ್ನು ಫಾರಂ ಲೆಕ್ಕದಲ್ಲಿ ಮಡಿಸಿ ಹೊಲಿಯುತ್ತಾರೆ. ಡೆಮಿ ಅಷ್ಟದಳ ಎಂಬ ಪುಸ್ತಕದ ಅಳತೆಯಲ್ಲಿ ಒಂದು ಫಾರಂ ಎಂದರೆ ಹದಿನಾರು ಪುಟ, ಎಂಟು ಹಾಳೆ. ಪ್ರತಿ ಹಾಳೆಗೂ ಹೊಲಿಗೆಯಾಚೆ ಒಂದು ಜೋಡಿ ಹಾಳೆ ಇರಲೇಬೇಕು. ಜೋಡಿಯಿಲ್ಲದೆ ಬುಡದಲ್ಲಿ ಅಂಟು ಹಚ್ಚಿ ಕೂರಿಸಿದ ಹಾಳೆ ಕಂಡರೆ ಅನುಮಾನಿಸಿ. 365 ನ್ಯಾನೊಮೀಟರ್‌ನ ಅತಿನೇರಳೆ ಟಾರ್ಚು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಾಗದ ಹೆಚ್ಚು ಬಿಳುಪಾಗಿ ಕಾಣಲೆಂದು ಹಾಕುವ, ಈ ಬೆಳಕಿಗೆ ನೀಲಿಯಾಗಿ ಹೊಳೆಯುವ ರಾಸಾಯನಿಕ ಬಳಕೆಗೆ ಬಂದದ್ದು ಸುಮಾರು 1950ರ ನಂತರ. ಕತ್ತಲೆ ಕೋಣೆಯಲ್ಲಿ ಈ ಪುಸ್ತಕದ ಎಲ್ಲ ಪುಟ ಮಂಕಾಗಿ ಕಂಡವು, ಸಹಿಯ ಹಾಳೆಯೊಂದೇ ನೀಲಿಯಾಗಿ ಹೊಳೆಯಿತು.

ಇನ್ನು ಸಹಿಯ ವಿಷಯ. ಒಬ್ಬರೇ ಮನುಷ್ಯರು ಎರಡು ಸಲ ಸಹಿ ಹಾಕಿದರೆ ಎರಡೂ ತದ್ವತ್ ಒಂದೇ ಆಗುವುದಿಲ್ಲ. ಮಾರುವವನ ಸಹಿಯ ಫೋಟೊವನ್ನು, ಅದೇ ಲೇಖಕರ ಅಚ್ಚಾದ ಸಹಿಯ ಫೋಟೊದ ಮೇಲೆ ಮೊಬೈಲಿನಲ್ಲೇ ಅರೆಪಾರದರ್ಶಕವಾಗಿ ಕೂರಿಸಿ ನೋಡಿ. ಗೆರೆಗೆ ಗೆರೆ ಕೂತರೆ ಅದು ಗಾಜಿನ ಮೇಲಿಟ್ಟು ತೀಡಿದ್ದು. ಅಭಿನಂದನ ಗ್ರಂಥಗಳಲ್ಲಿ, ಸಮಗ್ರ ಸಂಪುಟಗಳಲ್ಲಿ ಅಚ್ಚಾಗಿರುವ ಸಹಿಯೇ ಇಂಥವರಿಗೆ ಮಾದರಿ. ತೀಡಿದ ಗೆರೆ ನಿಧಾನದ್ದು: ಸುತ್ತುಗಳಲ್ಲಿ ನಡುಕ, ಪೆನ್ನು ಎತ್ತಬಾರದ ಜಾಗದಲ್ಲಿ ಎತ್ತಿದ ಗುರುತು, ಕೊನೆಯ ಬಾಲ ಗಾಳಿಯಲ್ಲಿ ತೇಲದೆ ಮೊಂಡಾಗಿ ನಿಂತಿರುತ್ತದೆ. ವಯಸ್ಸಾದವರ ಕೈನಡುಕ ಬೇರೆಯೇ, ಹಾಗಾಗಿ ಅದೇ ಕಾಲದ ತಾರೀಖಿನ ಬರಹದ ಜೊತೆಗೇ ಹೋಲಿಸಬೇಕು. ಕುಪ್ಪಳಿಯ ಕವಿಮನೆ, ಸಾಧನಕೇರಿಯ ಬೇಂದ್ರೆ ಭವನ, ಪುತ್ತೂರಿನ ಬಾಲವನದಂಥ ಕಡೆ ಹಸ್ತಾಕ್ಷರ ನೋಡಲು ಸಿಗುತ್ತದೆಯೇ ವಿಚಾರಿಸಿ. ಪ್ರಿಂಟ್ ಹಾಕಿದ ದೃಢೀಕರಣ ಪತ್ರಕ್ಕೆ ಕಾಗದದ ಬೆಲೆಯೂ ಇಲ್ಲ. ಬೇಕಿರುವುದು ಕೈಬದಲಾದ ದಾಖಲೆ: ಪುಸ್ತಕ ಯಾರ ಮನೆಯದು, ಲೇಖಕರಿಗೂ ಅವರಿಗೂ ಪರಿಚಯ ಹೇಗೆ, ಆ ಭೇಟಿಯ ಪತ್ರವೋ ಫೋಟೊವೋ ಉಂಟೇ.

ಹೊಸ ‘ಸೀಮಿತ ಆವೃತ್ತಿ’ಗಳಲ್ಲೂ ಕಣ್ಣು ತೆರೆದಿರಲಿ. 2022ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಗಾಯಕ ಬಾಬ್ ಡಿಲನ್ ಅವರ ಹೊಸ ಪುಸ್ತಕದ 900 ಪ್ರತಿಗಳನ್ನು ಕೈಸಹಿ ಇರುವಂಥವು ಎಂದು ತಲಾ 599 ಡಾಲರಿಗೆ ಮಾರಿದ್ದರು. ಕೊಂಡವರು ಸಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ಅದು ಆಟೊಪೆನ್ ಎಂಬ ಯಂತ್ರ ಹಾಕಿದ ಸಹಿ ಎಂದು ಕಂಡುಹಿಡಿದರು. ಪ್ರಕಾಶಕರು ಹಣ ಹಿಂತಿರುಗಿಸಿದರು, ಡಿಲನ್ ತಪ್ಪೊಪ್ಪಿಕೊಂಡರು. ಹೆಸರಾಂತ ಪ್ರಕಾಶಕರಲ್ಲೇ ಹೀಗಾಗುತ್ತದೆ ಎಂದ ಮೇಲೆ ‘ಸೀಮಿತ’ ಎಂಬ ಪದವೊಂದಕ್ಕೆ ಹೆಚ್ಚು ಬೆಲೆ ಕೊಡಬೇಡಿ. ಒಟ್ಟು ಎಷ್ಟು ಪ್ರತಿ ಎಂದು ಅಚ್ಚಾಗಿರಬೇಕು, ನಿಮ್ಮ ಪ್ರತಿಯ ಸಂಖ್ಯೆ ಕೈಬರಹದಲ್ಲಿರಬೇಕು, ಸಹಿ ಪುಸ್ತಕದ ಹಾಳೆಯ ಮೇಲೆಯೇ ಇದೆಯೋ ಅಂಟಿಸಿದ ಚೀಟಿಯ ಮೇಲಿದೆಯೋ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಕೇಳಿ ಪಡೆಯಿರಿ.

ಪತ್ರ, ಹಸ್ತಪ್ರತಿ, ಪದಕಗಳನ್ನು ಕೊಳ್ಳುವುದು ಇನ್ನೂ ಸೂಕ್ಷ್ಮ. 2004ರಲ್ಲಿ ಶಾಂತಿನಿಕೇತನದಿಂದ ಟ್ಯಾಗೋರರ ನೊಬೆಲ್ ಪದಕ ಕಳುವಾಯಿತು, 2015ರಲ್ಲಿ ಕುಪ್ಪಳಿಯ ಕವಿಮನೆಯಿಂದ ಕುವೆಂಪು ಅವರ ಪದ್ಮ ಪದಕಗಳು ಕಳುವಾದವು. ಕದ್ದ ಮಾಲನ್ನು ಗೊತ್ತಿದ್ದೂ ಕೊಳ್ಳುವುದು ಅಪರಾಧ. ಗ್ರಂಥಾಲಯದ ಮೊಹರಿದ್ದು, ಅದನ್ನು ವಿಲೇವಾರಿ ಮಾಡಿದ ಗುರುತು ಇಲ್ಲದಿದ್ದರೆ ಆ ಪುಸ್ತಕ ಮುಟ್ಟಬೇಡಿ. ಮೊಹರನ್ನು ಒಳಗಿನ ಯಾವುದಾದರೂ ಪುಟದಲ್ಲೂ ಒತ್ತಿರುತ್ತಾರೆ, ಹಾಳೆ ಹಾಳೆ ತಿರುವಿ ನೋಡಿ. ಹೊರದೇಶದಲ್ಲಿರುವ ಕನ್ನಡಿಗರು ಇದನ್ನೂ ತಿಳಿದಿರಬೇಕು: ಸಾಹಿತ್ಯಕ ಮಹತ್ವದ, 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳು 1972ರ ಪುರಾವಸ್ತು ಕಾಯ್ದೆಯಡಿ ಬರುತ್ತವೆ, ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಕಳಿಸುವಂತಿಲ್ಲ. ‘ಕೊರಿಯರ್‌ನಲ್ಲಿ ಹಳೆ ಕಾಗದ ಎಂದು ಬರೆದು ಕಳಿಸ್ತೀನಿ’ ಎನ್ನುವವನಿಂದ ದೂರವಿರಿ.

ಕೊಳ್ಳುವ ಮೊದಲು ಇಷ್ಟು ತರಿಸಿಕೊಳ್ಳಿ: ಮುದ್ರಣದ ವಿವರವಿರುವ ಪುಟ, ಹೊಲಿಗೆ ಕಾಣುವಂತೆ ಸಹಿಯ ಪೂರ್ತಿ ಪುಟ, ಅದರ ಹಿಂಬದಿ, ಪಕ್ಕದಿಂದ ಟಾರ್ಚು ಬಿಟ್ಟು ತೆಗೆದ ಹತ್ತಿರದ ಫೋಟೊ, ಪುಸ್ತಕದ ಬೆನ್ನು ಮತ್ತು ಮೇಲಂಚು, ಆಮೇಲೆ ಕಟ್ ಇಲ್ಲದೆ ಪುಟ ತಿರುವುವ ಅರ್ಧ ನಿಮಿಷದ ವಿಡಿಯೊ. ಸಹಿ ನಿಜವಲ್ಲದಿದ್ದರೆ ಹಣ ವಾಪಸ್ ಎಂಬ ಮಾತು ಬರಹದಲ್ಲಿರಲಿ. ನಿಜವಾದ ಪುಸ್ತಕ ವ್ಯಾಪಾರಿ ಇದಕ್ಕೆಲ್ಲ ಬೇಸರಪಡುವುದಿಲ್ಲ. ಪಾರ್ಸೆಲ್ ಬಿಚ್ಚುವಾಗಲೂ ವಿಡಿಯೊ ಮಾಡಿ.

ಮೋಸವಾಗಿದೆ ಎಂದು ತಿಳಿದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹಣ ಇನ್ನೊಂದು ಖಾತೆಗೆ ಜಿಗಿಯುವ ಮೊದಲು ತಡೆಯಲು ಸಾಧ್ಯವಾಗುವುದು ಮೊದಲ ಕೆಲವು ಗಂಟೆಗಳಲ್ಲಿ. ಅಂಗಡಿ, ಜಾಲತಾಣದವರಿಂದ ಕೊಂಡಿದ್ದರೆ ಗ್ರಾಹಕ ಸಹಾಯವಾಣಿ 1915. ಚಾಟ್, ಪಾರ್ಸೆಲ್ ಹೊದಿಕೆ, ಯುಪಿಐ ಸಂಖ್ಯೆ ಯಾವುದನ್ನೂ ಅಳಿಸಬೇಡಿ. ನಷ್ಟ ತುಂಬಿಕೊಳ್ಳಲು ಆ ಪ್ರತಿಯನ್ನು ಇನ್ನೊಬ್ಬರಿಗೆ ದಾಟಿಸಲೂಬೇಡಿ. ದೂರಿನ ಕೆಲಸ ಮುಗಿದ ಮೇಲೆ ಕೊನೆಯ ಖಾಲಿ ಹಾಳೆಯಲ್ಲಿ ಮೆತ್ತನೆಯ 2ಬಿ ಪೆನ್ಸಿಲಿನಿಂದ ‘ಸಹಿ ನಕಲಿ’ ಎಂದು ಬರೆದು, ಕಾರಣವನ್ನು ಒಂದು ಸಾಲಿನಲ್ಲಿ, ಪರೀಕ್ಷಿಸಿದ ತಾರೀಖಿನ ಜೊತೆ ನಮೂದಿಸಿಡಿ.