ಬೀದರ್ ಹುಡುಗ ಹುಡುಗಿಯರಿಗೆ: ಯುದ್ಧವಿಮಾನವೋ, ಡ್ರೋನೋ?

ಬೀದರ್‌ನಲ್ಲಿ ಬೆಳೆದು ದಿನಾ ವಾಯುಪಡೆಯ ತರಬೇತಿ ಜೆಟ್ ಹಾಕ್‌ನ ಸದ್ದು ಕೇಳಿದವರಿಗೆ ಪೈಲಟ್ ಆಗುವ ಆಸೆ ಸಹಜ, ಅಲ್ವಾ? ಅದಕ್ಕೆ ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದಿ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪ್ರವೇಶ ಪರೀಕ್ಷೆ ಬರೆಯುವುದು ಒಂದು ದಾರಿ. ತರಬೇತಿ ವರ್ಷಗಟ್ಟಲೆ. ಈಗ ಸಿಮ್ಯುಲೇಟರ್ ಇರುವುದರಿಂದ, ಎಂಜಿನ್ ಕೈಕೊಟ್ಟರೆ ಏನು ಮಾಡಬೇಕು ಎಂಬುದನ್ನು ನೆಲದ ಮೇಲೇ ಕೂತು ಮತ್ತೆ ಮತ್ತೆ ಕಲಿಯಬಹುದು.

ಡ್ರೋನ್ ದಾರಿ ಚಿಕ್ಕದು. ಹತ್ತನೇ ತರಗತಿ ಪಾಸಾಗಿ 18 ತುಂಬಿದ್ದರೆ, ಡಿಜಿಸಿಎ (ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆ) ಮಾನ್ಯತೆಯ ಕೇಂದ್ರದಲ್ಲಿ ಕಲಿತು ರಿಮೋಟ್ ಪೈಲಟ್ ಸರ್ಟಿಫಿಕೇಟ್ ಪಡೆಯಬಹುದು. ತೊಗರಿ ಹೊಲಕ್ಕೆ ಔಷಧಿ ಹೊಡೆಯಲು ಅದು ಸಾಕು. ಸೇನೆ ಸೇರಲು ಅದೊಂದೇ ಸಾಲದು.

ಉಕ್ರೇನ್‌ನಲ್ಲಿ ಅಗ್ಗದ ಡ್ರೋನ್‌ಗಳು ಟ್ಯಾಂಕ್‌ಗಳನ್ನೇ ಸುಟ್ಟಿವೆ. ನಮ್ಮ ವಾಯುಪಡೆಯ ವೆಪನ್ ಸಿಸ್ಟಮ್ಸ್ (ಶಸ್ತ್ರ ವ್ಯವಸ್ಥೆ ನಡೆಸುವವರ) ಶಾಖೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿತು. ದೂರದಿಂದಲೇ ವಿಮಾನ ನಡೆಸುವವರೂ ಅದರಲ್ಲಿದ್ದಾರೆ. ಸಮವಸ್ತ್ರವೇ ಬೇಕೆಂದರೆ ಮೊದಲು ಎನ್‌ಡಿಎಗೆ ಓದಿ. ಬೇಗ ದುಡಿಯಬೇಕಾದ ಮನೆಯವರಿಗೆ ಡ್ರೋನೇ ಸರಿ.