ಜಿಬ್ ಒಂದೇ ಸಾಕಾ? ಕಾರಂಜಾ ನೀರಿನಲ್ಲಿ ಮೂರು ರೀತಿ ಹಾಯಿ ಕಟ್ಟಿ ನೋಡಿದ್ದು

ಗಾಳಿ ಜೋರಾದರೆ ದೊಡ್ಡ ಹಾಯಿ ಇಳಿಸಿ, ಮುಂದಿನ ಚಿಕ್ಕ ಹಾಯಿ, ಅಂದರೆ ಜಿಬ್ ಒಂದರಲ್ಲೇ ನಡೆಸಿ ಎಂದು ಹಾಯಿದೋಣಿ ಕಲಿಯುವವರಿಗೆ ಎಷ್ಟೋ ಜನ ಹೇಳುತ್ತಾರೆ. ಕೆಲಸ ಕಡಿಮೆ, ದೊಡ್ಡ ಹಾಯಿಯ ಕೆಳಗಿನ ಅಡ್ಡಗಳು, ಅಂದರೆ ಬೂಮ್, ತಲೆಗೆ ಬಡಿಯುವ ಭಯವೂ ಇಲ್ಲ. ಆದರೆ ಕಂಬಕ್ಕೂ ಅದನ್ನು ಹಿಡಿದಿರುವ ತಂತಿಗಳಿಗೂ ಏನಾಗುತ್ತದೆ ಅನ್ನೋದು ಆ ಮಾತಿನಲ್ಲಿ ಬರುವುದೇ ಇಲ್ಲ. ಬೀದರ್ ಜಿಲ್ಲೆಯ ಕಾರಂಜಾ ಜಲಾಶಯದಲ್ಲಿ ನಾನು, ನನ್ನ ಗೆಳೆಯ ಸೇರಿ ಇದನ್ನು ಮೂರು ರೀತಿ ನೋಡಿದ್ದೇವೆ: ಜಿಬ್ ಮಾತ್ರ, ದೊಡ್ಡ ಹಾಯಿ ಮಾತ್ರ, ರೀಫ್ ಹಾಕಿ ಚಿಕ್ಕದು ಮಾಡಿದ ದೊಡ್ಡ ಹಾಯಿಯ ಜೊತೆ ಜಿಬ್.

ದೋಣಿ ಹಳೆಯ ಎಂಟರ್‌ಪ್ರೈಸ್. 1956ರಲ್ಲಿ ಜ್ಯಾಕ್ ಹೋಲ್ಟ್ ರೂಪಿಸಿದ ಮಾದರಿ, ಉದ್ದ 4 ಮೀಟರ್ ಚಿಲ್ಲರೆ. ಎರಡೂ ಹಾಯಿ ಸೇರಿ ಸುಮಾರು 10.5 ಚದರ ಮೀಟರ್. ಅದರಲ್ಲಿ ಜಿಬ್‌ನ ಪಾಲು ಕಡಿಮೆ.

ಮೊದಲು ಜಿಬ್ ಮಾತ್ರ. ಗಾಳಿ ಬೆನ್ನಿಗಿದ್ದಾಗ ಇದರಷ್ಟು ಸುಖ ಬೇರೆ ಇಲ್ಲ. ಎಳೆತ ಮುಂದಿನಿಂದ ಬರುತ್ತದೆ, ದೋಣಿ ನೇರವಾಗಿ ಹೋಗುತ್ತದೆ. ಮಳೆಗಾಲದ ಪಡುವಣ ಗಾಳಿಯಲ್ಲಿ ನಾವು ಆರಾಮಾಗಿ ಕೂತು ಸಾಗಿದ್ದೇವೆ. ತೊಂದರೆ ಶುರುವಾಗುವುದು ಗಾಳಿಗೆ ಎದುರು ತಿರುಗಿದಾಗ. ಒತ್ತಡವೆಲ್ಲ ಮುಂಭಾಗಕ್ಕೆ ಬಿದ್ದು ಮೂತಿ ಗಾಳಿಯಿಂದ ದೂರ ಸರಿಯುತ್ತಲೇ ಇರುತ್ತದೆ. ಚುಕ್ಕಾಣಿ ಎಷ್ಟು ತಿರುಗಿಸಿದರೂ ಗಾಳಿಯನ್ನು ದಾಟಿ ಆಚೆ ಬದಿಗೆ ಬರುವುದಿಲ್ಲ. ಬಲೆ ಎಳೆಯುತ್ತಿದ್ದ ಒಬ್ಬ ಕಾಕಾ ನೋಡಿ, ‘ಯಾಕ್ರೆಪಾ, ಅಡ್ಡಡ್ಡ ಹೊಂಟೀರಲ್ಲ?’ ಅಂತ ಕೇಳಿದರು. ಅವರು ಕಂಡದ್ದು ನಿಜ. ಮುಂದೆ ಹೋದಷ್ಟೇ ಪಕ್ಕಕ್ಕೂ ಜಾರುತ್ತಿದ್ದೆವು.

ಇನ್ನು ಕಂಬದ ವಿಚಾರ. ಮದುವೆ ಪೆಂಡಾಲಿನ ಕಂಬವನ್ನು ನಾಲ್ಕೂ ಕಡೆ ಹಗ್ಗ ಎಳೆದು ನಿಲ್ಲಿಸುತ್ತಾರಲ್ಲ, ಇದೂ ಹಾಗೇ ನಿಂತಿರುವುದು. ಎಂಟರ್‌ಪ್ರೈಸ್‌ನಲ್ಲಿ ಕಂಬದ ತುದಿಯಿಂದ ಹಿಂದಕ್ಕೆ ಎಳೆಯುವ ಬೇರೆ ತಂತಿ ಇಲ್ಲ. ಕಂಬವನ್ನು ಎರಡೂ ಪಕ್ಕದಿಂದ ಹಿಡಿಯುವ ತಂತಿಗಳು, ಅಂದರೆ ಶ್ರೌಡ್‌ಗಳು, ಸ್ವಲ್ಪ ಹಿಂದಕ್ಕೆ ಕಟ್ಟಿರುವುದರಿಂದ ಒಂದಷ್ಟು ಎಳೆಯುತ್ತವೆ. ಉಳಿದದ್ದನ್ನು ದೊಡ್ಡ ಹಾಯಿಯ ಹಿಂದಿನ ಅಂಚು ಮತ್ತು ಅದರ ಹಗ್ಗ ನೋಡಿಕೊಳ್ಳುತ್ತವೆ. ಆ ಹಾಯಿ ಇಳಿಸಿದಿರೋ, ಹಿಂದಿನ ಹಿಡಿತ ಹೋಯಿತು. ಜಿಬ್‌ನ ಮುಂದಂಚು ಜೋತು ಬೀಳುತ್ತದೆ, ಹಾಯಿ ಉಬ್ಬಿಕೊಳ್ಳುತ್ತದೆ, ಗಾಳಿಗೆ ಎದುರು ಹೋಗುವುದು ಇನ್ನೂ ಕಷ್ಟವಾಗುತ್ತದೆ. ಅಲೆ ಇದ್ದರೆ ಕಂಬದ ನಡು ಹಿಂದೆ ಮುಂದೆ ತೊನೆಯುವುದು ಕಣ್ಣಿಗೇ ಕಾಣುತ್ತದೆ. ನನಗೆ ನಿಜಕ್ಕೂ ಹೆದರಿಕೆ ಹುಟ್ಟಿಸಿದ್ದು ಇದೇ. ಹೀಗೆ ಮತ್ತೆ ಮತ್ತೆ ಬಿಗಿಯಾಗಿ ಸಡಿಲವಾಗಿ ತಂತಿ ದಣಿಯುತ್ತದೆ, ಕೊನೆಗೆ ಎಳೆ ಕಡಿಯುತ್ತದೆ. ಅದೂ ಸಾಮಾನ್ಯವಾಗಿ ತಂತಿ ಲೋಹದ ತುದಿಯೊಳಗೆ ಸೇರುವ ಜಾಗದಲ್ಲೇ.

ಕಂಬದ ತುದಿಯಿಂದಲೇ ಮುಂದಕ್ಕೂ ಹಿಂದಕ್ಕೂ ತಂತಿ ಇರುವ ದೊಡ್ಡ ದೋಣಿಗಳಲ್ಲಿ ಈ ಅಪಾಯ ಕಡಿಮೆ. ಸಮುದ್ರದಲ್ಲಿ ಅಂಥವರು ಮುಂದಿನ ಹಾಯಿಯೊಂದರಲ್ಲೇ ಬಹಳ ದೂರ ಹೋಗುತ್ತಾರೆ. ಅವರ ಸಲಹೆ ನಮ್ಮ ಸಣ್ಣ ದೋಣಿಗೆ ಹೊಂದುವುದಿಲ್ಲ, ಅಷ್ಟೇ.

ದೊಡ್ಡ ಹಾಯಿ ಮಾತ್ರ ಕಟ್ಟಿದರೆ ಮೂತಿ ಗಾಳಿಯ ಕಡೆಗೇ ತಿರುಗಲು ನೋಡುತ್ತದೆ. ಚುಕ್ಕಾಣಿಯ ಹಿಡಿಕೆ (ಟಿಲ್ಲರ್) ಹಿಡಿದ ಕೈ ನೋಯುತ್ತದೆ. ತಿರುವಿನಲ್ಲಿ ವೇಗ ಸಾಲದೆ ಗಾಳಿಗೆ ಮುಖ ಮಾಡಿ ನಿಂತುಬಿಡುವುದೂ ಉಂಟು. ಆದರೂ ಎದುರುಗಾಳಿಯಲ್ಲಿ ದಡಕ್ಕೆ ಮರಳಲು ಜಿಬ್ ಒಂದಕ್ಕಿಂತ ಇದೇ ವಾಸಿ. ಬೆನ್ನುಗಾಳಿಯಲ್ಲಿ ಮಾತ್ರ ಎಚ್ಚರ ಜಾಸ್ತಿ ಬೇಕು. ಬೂಮ್ ಏಕಾಏಕಿ ಆಚೆ ಬದಿಗೆ ಹಾರಿದರೆ ಅದರ ಕೀಲಿಗೂ ಶ್ರೌಡ್‌ಗೂ ದೊಡ್ಡ ಪೆಟ್ಟು.

ಜೋರು ಗಾಳಿಗೆ ನನ್ನ ಆಯ್ಕೆ ಮೂರನೆಯದು. ರೀಫ್ ಹಾಕಲು ಐದು ನಿಮಿಷ ಹೋಗುತ್ತದೆ, ಹೋಗಲಿ. ಎರಡೂ ಕಡೆಯಿಂದ ಎಳೆತ ಇರುವುದರಿಂದ ಕಂಬ ಅಲುಗದೆ ನಿಲ್ಲುತ್ತದೆ, ಚುಕ್ಕಾಣಿ ಹಗುರ, ತಿರುವೂ ಸಲೀಸು. ಗೆಳೆಯನಿಗೆ ಈಗಲೂ ಜಿಬ್ ಮೇಲೇ ಪ್ರೀತಿ. ಬೆನ್ನುಗಾಳಿಯಾದರೆ ನಾನೂ ಒಪ್ಪುತ್ತೇನೆ.

ಎಂಟರ್‌ಪ್ರೈಸ್ ಇರುವವರಿಗೆ ಇನ್ನೊಂದು ಮಾತು. ಇದರಲ್ಲಿ ಜಿಬ್ ಏರಿಸಿ ಬಿಗಿದಾಗ ಕಂಬವನ್ನು ಮುಂದೆ ಹಿಡಿಯುವುದು ಹಾಯಿಯ ಅಂಚಿನೊಳಗಿನ ತಂತಿ. ಕಂಬದಿಂದ ಮೂತಿಗೆ ಕಟ್ಟಿರುವ ಬೇರೆ ತಂತಿ, ಅಂದರೆ ಫೋರ್‌ಸ್ಟೇ, ಆಗ ಸಡಿಲವಾಗಿರುತ್ತದೆ. ಜಿಬ್ ಇಳಿಸುವ ಮುಂಚೆ ಫೋರ್‌ಸ್ಟೇ ಗಟ್ಟಿಯಾಗಿ ಕಟ್ಟಿದೆಯಾ ನೋಡಿ. ದಡಕ್ಕೆ ಬಂದ ಮೇಲೆ ಶ್ರೌಡ್‌ನ ಕೆಳತುದಿಯನ್ನು ಬಟ್ಟೆಯಿಂದ ಒರೆಸಿ. ಬಟ್ಟೆ ಸಿಕ್ಕಿಕೊಂಡರೆ ಅಲ್ಲೊಂದು ಎಳೆ ಕಡಿದಿದೆ ಅಂತಲೇ ಲೆಕ್ಕ. ಆ ತಂತಿ ಬದಲಿಸದೆ ಮತ್ತೆ ನೀರಿಗಿಳಿಯಬೇಡಿ.