ದೂರದ ನಡಿಗೆಯಲ್ಲಿ ಒಂದು ದಿನದ ಬಿಡುವು: ಮನೆಗೆ ಹೋಗೋದಾ, ಮನೆಯವರನ್ನೇ ಕರೆಸೋದಾ?

ತಿಂಗಳುಗಟ್ಟಲೆ ನಡೆಯುವವರು ನಡುವೆ ಒಂದು ದಿನ ಮನೆಯವರ ಜೊತೆ ಇರಬೇಕು ಅಂದುಕೊಂಡರೆ ಮೂರು ದಾರಿ ಇವೆ. ನಡಿಗೆ ನಡುವೆ ನಿಲ್ಲಿಸಿ ಮನೆಗೆ ಹೋಗಿ ಬರುವುದು, ಮನೆಯವರೇ ಬಂದು ಜೊತೆಯಲ್ಲಿ ನಡೆದು ಟೆಂಟ್‌ನಲ್ಲಿ ಉಳಿಯುವುದು, ಇಲ್ಲವೇ ಟ್ರೇಲ್ (ನಾವು ನಡೆಯುವ ಕಾಲುದಾರಿ) ಪಕ್ಕದ ಊರಿನಲ್ಲಿ ರೂಮು ಮಾಡಿ ಎಲ್ಲರೂ ಅಲ್ಲಿ ಸೇರುವುದು. ಮೂರನ್ನೂ ಮಾಡಿ ನೋಡಿದ್ದೇನೆ. ನನ್ನ ಓಟು ರೂಮಿಗೆ, ಅದರಲ್ಲಿ ಅನುಮಾನವೇ ಇಲ್ಲ.

ಮನೆಗೆ ಹೋಗುವುದು ಕೇಳೋಕೆ ಚೆಂದ. ಆದರೆ ಅರ್ಧ ದಿನ ಪ್ರಯಾಣಕ್ಕೇ ಹೋಗುತ್ತದೆ, ಗಂಟೆಗಟ್ಟಲೆ ಕಾಲು ಮಡಚಿ ಕೂತು ಇಳಿಯುವಾಗ ಮೀನಖಂಡ ಮರಗಟ್ಟಿರುತ್ತದೆ. ಮನೆಯೊಳಗೆ ಕಾಲಿಟ್ಟ ಮೇಲೆ ಸೋರುವ ನಲ್ಲಿ, ಕಟ್ಟದ ಬಿಲ್ಲು, ನೋಡೋಕೆ ಬರುವ ನೆಂಟರು. ಮರುದಿನ ಬೆಳಗ್ಗೆ ಶೂ ಲೇಸ್ ಕಟ್ಟೋಕೆ ನನಗೆ ಕೈಯೇ ಬರಲಿಲ್ಲ. ಅಮೆರಿಕದ ಅಪಲಾಚಿಯನ್ ಟ್ರೇಲ್‌ನಂಥ ಸುಮಾರು 3,500 ಕಿ.ಮೀ. ದಾರಿ ಮುಗಿಸೋಕೆ ಜನ ಸಾಮಾನ್ಯವಾಗಿ 5ರಿಂದ 7 ತಿಂಗಳು ತೆಗೆದುಕೊಳ್ಳುತ್ತಾರೆ. ಅಷ್ಟು ಉದ್ದದ ನಡಿಗೆಯ ನಡುವೆ ಸ್ವಂತ ಹಾಸಿಗೆಯ ರುಚಿ ಹತ್ತಿಸಿಕೊಳ್ಳಬಾರದು.

ಜೊತೆಯಲ್ಲಿ ನಡೆಯುವುದು ಖುಷಿ ಕೊಡುತ್ತದೆ, ವಿಶ್ರಾಂತಿ ಕೊಡುವುದಿಲ್ಲ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ, ಮಕ್ಕಳ ನೀರೂ ಕೊನೆಗೆ ನಮ್ಮ ಬೆನ್ನಿಗೇ ಬರುತ್ತದೆ.

ರೂಮಿನಲ್ಲಿ ಇರುವ ತಲೆನೋವು ಒಂದೇ, ಅದು ತಾರೀಖು. ಮನೆಯವರಿಗೆ ರಜೆ ಸಿಗಬೇಕು, ರೂಮು ಮುಂಚೆಯೇ ಹಿಡಿಯಬೇಕು, ಆದರೆ ಮಳೆ ನಮ್ಮ ಕ್ಯಾಲೆಂಡರ್ ನೋಡಿ ಬರುವುದಿಲ್ಲ, ಮಂಡಿನೋವೂ ಅಷ್ಟೇ. ಎರಡು ದಿನ ಹಿಂದೆ ಬಿದ್ದರೆ ಸಾಕು, 'ಅವರು ಹೊರಟುಬಿಟ್ಟಿದ್ದಾರೆ' ಅಂತ ದಿನಕ್ಕೆ 35 ಕಿ.ಮೀ. ಓಡುನಡಿಗೆ ಶುರುವಾಗುತ್ತದೆ. ಹಾಗೆ ಓಡಿ ತಲುಪಿದ ಸಲ ಇಡೀ ರಜಾ ದಿನ ಮೊಣಕಾಲಿನ ಕೆಳಗಿನ ಎಲುಬಿಗೆ ಐಸ್ ಇಟ್ಟುಕೊಂಡು, ಕಾಲನ್ನು ದಿಂಬಿನ ಮೇಲೆ ಹಾಕಿ ಮಲಗಿದ್ದೆ. ಮಗಳು ಒಬ್ಬಳೇ ಹೊರಗೆ ಆಡುತ್ತಿದ್ದಳು. ನೋವಿಗಿಂತ ಅದೇ ಜಾಸ್ತಿ ಬೇಜಾರು.

ಈಗ ನಾವು ತಾರೀಖು ಮಾತ್ರ ಗಟ್ಟಿ ಮಾಡುತ್ತೇವೆ, ಸೇರುವ ಜಾಗವನ್ನಲ್ಲ. ಟ್ರೇಲ್ ರಸ್ತೆಯನ್ನು ದಾಟುವ ಮೂರು ಕಡೆ ನಕ್ಷೆಯಲ್ಲಿ ಗುರುತು ಹಾಕುತ್ತೇವೆ, ಒಂದಕ್ಕೂ ಇನ್ನೊಂದಕ್ಕೂ ಹೆಚ್ಚುಕಡಿಮೆ ಒಂದು ದಿನದ ನಡಿಗೆ. ಮೂರೂ ಕಡೆಯಿಂದ ಕಾರಿನಲ್ಲಿ ಹೋಗಲು ಹತ್ತಿರವಾಗುವ ಊರಿನಲ್ಲಿ, ಕ್ಯಾನ್ಸಲ್ ಮಾಡಿದರೆ ದುಡ್ಡು ವಾಪಸ್ ಬರುವಂಥ ರೂಮು ಹಿಡಿಯುತ್ತೇವೆ. ಎರಡು ಮೂರು ದಿನ ಮುಂಚೆ ಯಾವ ಕಡೆ ಬರಬೇಕು ಅಂತ ನಾನು ಮೆಸೇಜ್ ಹಾಕುತ್ತೇನೆ. ನಾನು ಆರಾಮಾಗಿ ನಡೆಯುವುದು ದಿನಕ್ಕೆ 25 ಕಿ.ಮೀ., ಆದರೆ ಲೆಕ್ಕ ಹಾಕುವುದು 20ಕ್ಕೆ. ಹತ್ತು ದಿನದಲ್ಲಿ 50 ಕಿ.ಮೀ. ಉಳಿತಾಯ, ಅಂದರೆ ಮಳೆಗೆ ಎರಡು ದಿನ ಕೊಟ್ಟರೂ ನಡೆಯುತ್ತದೆ. ಇನ್ನೊಂದು ಮಾತು: ಹಾಗೆ ರಸ್ತೆ ದಾಟುವ ಕಡೆ ಎಷ್ಟೋ ಸಲ ಫೋನ್ ಸಿಗ್ನಲ್ ಇರುವುದಿಲ್ಲ. ಹಾಗಾಗಿ ಸಂಜೆ 5ರವರೆಗೆ ನಾನು ಬರದಿದ್ದರೆ ಸುಮ್ನೆ ರೂಮಿಗೆ ಹೋಗಿ, ಮರುದಿನ ಮಧ್ಯಾಹ್ನದವರೆಗೆ ಗಾಬರಿ ಬೇಡ ಅಂತ ಮೊದಲೇ ಮಾತಾಡಿಕೊಂಡಿದ್ದೇವೆ. ಸಿಗ್ನಲ್ ಇಲ್ಲದ ಕಡೆಯಿಂದಲೂ ಉಪಗ್ರಹದ ಮೂಲಕ ಮೆಸೇಜ್ ಕಳಿಸುವ ಸ್ಯಾಟಲೈಟ್ ಮೆಸೆಂಜರ್ ಇದ್ದರೆ ಇಷ್ಟೂ ಬೇಕಾಗಿಲ್ಲ, ಆದರೆ ಅದಕ್ಕೆ ತಿಂಗಳ ಚಂದಾ ಕಟ್ಟಬೇಕು ಅಲ್ವಾ.

ಹಣ ಉಳಿಸೋಣ ಅಂತ ಒಂದೇ ರಾತ್ರಿ ರೂಮು ಮಾಡಬೇಡಿ. ಮಧ್ಯಾಹ್ನ ಬಂದು ಮರುದಿನ ಬೆಳಗ್ಗೆ ಚೆಕ್‌ಔಟ್ ಅಂದರೆ ಬಟ್ಟೆ ಒಗೆಯೋದು, ಚಾರ್ಜಿಂಗು, ಸಾಮಾನು ತರೋದು ಇಷ್ಟರಲ್ಲೇ ಮುಗಿಯುತ್ತದೆ. ಎರಡು ರಾತ್ರಿ ಇದ್ದರೆ ನಡುವೆ ಒಂದು ಪೂರ್ತಿ ದಿನ ಕೈಗೆ ಸಿಗುತ್ತದೆ. ಸ್ವಲ್ಪ ಹಳೆಯ ರೂಮಾದರೂ ಪರವಾಗಿಲ್ಲ, ಬಾತ್‌ರೂಮಿನಲ್ಲಿ ಒಂದು ಬಕೆಟ್ ಇರಲಿ.

ಆ ಬಕೆಟ್ಟಿನಲ್ಲಿ ಕಾಲಿಟ್ಟು ಕೂತಾಗ ಮಗಳು ಬಂದು ನನ್ನ ಹೆಬ್ಬೆರಳಿನ ಕಪ್ಪು ಉಗುರನ್ನು ಮೆಲ್ಲಗೆ ಮುಟ್ಟಿ, 'ಇದು ಬಿದ್ದುಹೋಗುತ್ತಾ?' ಅಂತ ಕೇಳಿದಳು. ಹೌದು, ಹೊಸದು ಬರುತ್ತದೆ ಅಂದೆ. ಸಂಜೆಯವರೆಗೂ ನಾನು ಎದ್ದಾಗಲೆಲ್ಲ ಚಪ್ಪಲಿ ತಂದು ಕಾಲ ಮುಂದೆ ಇಡುತ್ತಿದ್ದಳು. ಮನೆಗೆ ಹೋಗಿದ್ದಾಗ ಅವಳ ಜೊತೆ ಇಷ್ಟು ಹೊತ್ತು ಕೂರಲೇ ಇಲ್ಲ.

ಬಂದವರಿಗೆ ಕೊಡುವ ಕೆಲಸವೂ ಇದೆ. ವಾರಗಟ್ಟಲೆ ನಡೆದರೆ ಪಾದ ಊದಿ ಅಗಲವಾಗುತ್ತದೆ, ಅರ್ಧ ಸೈಜ್ ದೊಡ್ಡ ಶೂ ತರಿಸಿಕೊಳ್ಳಿ. ಚಳಿ ಮುಗಿದಿದ್ದರೆ ದಪ್ಪ ಜಾಕೆಟ್ ಅವರ ಕೈಗೇ ಕೊಟ್ಟು ಕಳಿಸಿ. ಪ್ರೀತಿಯಿಂದ ತಂದ ತಿಂಡಿಯನ್ನು ಅಲ್ಲೇ ಎಲ್ಲರೂ ಕೂತು ತಿನ್ನಿ, ಬ್ಯಾಗಿಗೆ ತುಂಬಿಸಿಕೊಳ್ಳಬೇಡಿ. ಮಕ್ಕಳನ್ನು ಅಪ್ಪಿಕೊಳ್ಳುವ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ, ಟ್ರೇಲ್‌ಗಳಲ್ಲಿ ಹರಡುವ, ವಾಂತಿ-ಭೇದಿ ತರುವ ನೋರೋವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಕೆಲಸ ಮಾಡುವುದಿಲ್ಲ.

ನಾನು ರಾತ್ರಿ 9ಕ್ಕೆ ಮಲಗಿ 5ಕ್ಕೆ ಏಳುವವನು, ವರ್ಷಕ್ಕೆ ಒಂದೇ ದೊಡ್ಡ ಖರ್ಚು ಮಾಡುವವನು. ನನಗೆ ಎರಡು ರಾತ್ರಿಯ ರೂಮು ಸರಿಹೋಗುತ್ತದೆ. ದುಡ್ಡು ತೀರಾ ಬಿಗಿ, ಮಕ್ಕಳಿಗೂ ನಡೆಯೋ ಹುರುಪು ಇದೆ ಅಂದರೆ ಟೆಂಟ್ ನೋಡಬಹುದು. ಮನೆಗೆ ಮಾತ್ರ ಬೇಡ.